ಎಕ್ಸೆಲ್ ಹಾಳೆ ತುಂಬುವಾಗ ಕೀಲಿಮಣೆಯ ಹಿಡಿತ

ಸೋಯಾ, ಉದ್ದು, ಹೆಸರಿನ ಆವಕ ಹೆಚ್ಚಿದ ದಿನಗಳಲ್ಲಿ ಬೀದರ, ಭಾಲ್ಕಿ, ಔರಾದಗಳ ಅಡತಿ ಅಂಗಡಿಗಳಲ್ಲಿ ಲೆಕ್ಕ ತುಂಬುವವರ ಕಣ್ಣು ತೂಕದ ಚೀಟಿಯ ಮೇಲಿರುತ್ತದೆಯೇ ಹೊರತು ಪರದೆಯ ಮೇಲಲ್ಲ. ಈ ಲೇಖಕನ ಹಾಳೆಯಲ್ಲಿಯೂ ಒಮ್ಮೆ ಒಬ್ಬರ ತೂಕ ಮತ್ತೊಬ್ಬರ ಹೆಸರಿನ ಮುಂದೆ ಬಿದ್ದು, ಪಟ್ಟಿ ಕೊಡುವಾಗ ರೈತರೇ ತಪ್ಪನ್ನು ತೋರಿಸಬೇಕಾಯಿತು. ಕಾರಣ, ನಡುವೆ ಒತ್ತಿದ ಒಂದು ಬಾಣದ ಕೀಲಿ.

ಹೆಸರು, ಚೀಲ, ತೂಕ, ದರ ಎಂಬ ನಾಲ್ಕು ಅಂಕಣಗಳಿವೆಯೆನ್ನಿ. ಹೆಸರಿನಿಂದ ಆರಂಭಿಸಿ ಟ್ಯಾಬ್ ಕೀಲಿಯಿಂದಲೇ ಬಲಕ್ಕೆ ಸಾಗಿ, ದರ ಬರೆದ ಮೇಲೆ ಎಂಟರ್ ಒತ್ತಿದರೆ ಮುಂದಿನ ಸಾಲಿನ ಹೆಸರಿನ ಸೆಲ್ಲಿಗೇ ಬರುತ್ತೇವೆ. ನಡುವೆ ಬಾಣವನ್ನೋ ಮೌಸನ್ನೋ ಬಳಸಿದರೆ ಎಕ್ಸೆಲ್ ಆರಂಭದ ಅಂಕಣವನ್ನು ಮರೆಯುತ್ತದೆ. ಎಂಟರ್ ಬೇರೆಡೆಗೆ ಒಯ್ಯುತ್ತದೆ.

ಇದಕ್ಕಿಂತ ಭದ್ರವಾದುದು, ತುಂಬಬೇಕಾದ ಸ್ಥಳವನ್ನು ಮೊದಲೇ ಆರಿಸಿಕೊಳ್ಳುವುದು. ಐವತ್ತು ರೈತರಿದ್ದರೆ ಎಫ್5 ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಎ2:ಡಿ51 ಎಂದು ಬರೆದು ಎಂಟರ್ ಒತ್ತಿರಿ. ಅನಂತರ ಟ್ಯಾಬ್ ಒಂದೇ ಸಾಕು: ದರದ ಸೆಲ್ ಮುಗಿದೊಡನೆ ತಾನಾಗಿಯೇ ಕೆಳಸಾಲಿನ ಹೆಸರಿಗೆ ಇಳಿಯುತ್ತದೆ. ಹಿಂದಿನ ಸೆಲ್ಲಿಗೆ ಮರಳಲು ಶಿಫ್ಟ್ ಹಿಡಿದು ಟ್ಯಾಬ್. ಇಲ್ಲಿ ಎಂಟರ್ ಒತ್ತಿದರೆ ಬಲಕ್ಕಲ್ಲ, ಕೆಳಕ್ಕೆ ಸಾಗುತ್ತದೆ. ಚೀಲಗಳ ಎಣಿಕೆಯನ್ನಷ್ಟೇ ಒಂದೇ ಸಮನೆ ತುಂಬುವವರಿಗೆ ಅದೇ ಅನುಕೂಲ.

ಬರೆದ ಸಂಖ್ಯೆಯ ಒಂದು ಅಂಕಿಯನ್ನು ತಿದ್ದಬೇಕಾದಾಗಲೇ ಕೈ ಬಾಣದತ್ತ ಹೋಗುವುದು. ಮೊದಲು ಎಫ್2 ಒತ್ತಿರಿ. ಆಗ ಬಾಣಗಳು ಸೆಲ್ಲಿನೊಳಗೇ ಚಲಿಸುತ್ತವೆ, ಆರಿಸಿದ ಸ್ಥಳವೂ ಅಳಿಯುವುದಿಲ್ಲ. ಹಲವು ಸೆಲ್ಲುಗಳಿಗೆ ಒಂದೇ ದರವಿದ್ದರೆ ಅವನ್ನು ಆರಿಸಿ, ಒಮ್ಮೆ ಬರೆದು, ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರಾಯಿತು.