ಮುಚ್ಚಳದ ತೂತು ಮತ್ತು ತರ್ಕಶಾಸ್ತ್ರ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಸೈಕಲಿನ ವಿಚಾರವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಯಂತ್ರಗಳ ವಿಷಯ ವಿಜ್ಞಾನದ ವಿದ್ಯಾರ್ಥಿಗಳಿಗೆ, ಕಾವ್ಯ ಮೀಮಾಂಸೆ ಇತಿಹಾಸಗಳು ನಮಗೆ ಎಂದು ಹಂಚಿಕೊಂಡು ನಾವು ನೆಮ್ಮದಿಯಾಗಿದ್ದೇವೆ. ನಾನೂ ಹಾಗೆಯೇ ಇದ್ದವನು. ಆದರೆ ತರ್ಕಶಾಸ್ತ್ರದ ತರಗತಿಯಲ್ಲಿ ನಿದ್ದೆಗಣ್ಣಿನಿಂದ ಬರೆದುಕೊಂಡ ನಾಲ್ಕು ಪುಟದ ಟಿಪ್ಪಣಿ ಒಂದು ಮೋಟಾರು ಸೈಕಲಿನ ರೋಗವನ್ನು ಕಂಡುಹಿಡಿಯಿತೆಂಬುದನ್ನು ಹೇಳುವುದಕ್ಕೆ ಈ ಲೇಖನವನ್ನು ಬರೆಯುತ್ತಿದ್ದೇನೆ. ಆ ಟಿಪ್ಪಣಿ ಒಂದು ತಿಂಗಳು ಮುಂಚೆ ತಲೆಗೆ ಹತ್ತಿದ್ದರೆ ನನ್ನ ತಂಗಿಯ ಪರೀಕ್ಷೆಯ ದಿನ ಆದ ಫಜೀತಿ ತಪ್ಪುತ್ತಿತ್ತು.

ನನ್ನಲ್ಲಿರುವುದು ಸೋದರಮಾವ ಕೊಟ್ಟ ಹಳೆಯ ಯೆಜ್ಡಿ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚುವುದಕ್ಕೆ ಕೆಲವು ವರ್ಷ ಮುಂಚೆ ಕೊಂಡದ್ದು. ಪೆಟ್ರೋಲಿನ ಜೊತೆಗೇ ಎಣ್ಣೆಯನ್ನು ಬೆರೆಸಿ ಹಾಕಬೇಕಾದ ಎರಡು ಹೊಡೆತದ ಎಂಜಿನ್ನು. ಮಳೆಗಾಲದಲ್ಲಿ ಅದರ ಟ್ಯಾಂಕಿನ ಮುಚ್ಚಳದ ವಾಷರು ಸೀಳಿ ನೀರು ಒಳಕ್ಕೆ ಇಳಿಯತೊಡಗಿತು. ಅಂಗಡಿಗೆ ಅಲೆಯುವುದೇಕೆಂದು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ನಾನೇ ಒಂದು ಬಿಲ್ಲೆ ಮಾಡಿದೆ. ಹಳೆಯ ವಾಷರು ಬಳೆಯ ಆಕಾರದಲ್ಲಿತ್ತು, ನಡುವೆ ತೂತು. ನೀರು ಇಳಿಯುವುದು ಈ ತೂತಿನಿಂದಲೇ ಎಂದು ತೀರ್ಮಾನಿಸಿ ನನ್ನ ಬಿಲ್ಲೆಯಲ್ಲಿ ತೂತನ್ನೇ ಬಿಡಲಿಲ್ಲ. ಒಂದು ವಾರ ಗಾಡಿ ಚೆನ್ನಾಗಿಯೇ ಓಡಿತು. ನಾನು ನನ್ನ ಕೈಚಳಕವನ್ನು ಮೆಚ್ಚಿಕೊಂಡು ಸಂಗತಿಯನ್ನು ಮರೆತೆ.

ಆಮೇಲೆ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ಒಮ್ಮೆ ಹತ್ತು ಕಿಲೋಮೀಟರು ಓಡಿ ನಿಂತರೆ ಇನ್ನೊಮ್ಮೆ ಎರಡಕ್ಕೇ ನಿಲ್ಲುವುದು. ನಿಲ್ಲುವ ಮುಂಚೆ ಉಬ್ಬಸದವರ ಹಾಗೆ ಎರಡು ಮೂರು ಸಲ ಎಳೆದು ಉಸಿರು ಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಏನೂ ಆಗದವರಂತೆ ಹೊರಡುವುದು. ಮೆಕ್ಯಾನಿಕ್ಕು ಮೊದಲು ಪ್ಲಗ್ಗು ಬದಲಾಯಿಸಿದರು, ಆಮೇಲೆ ಕಾರ್ಬ್ಯುರೇಟರು ಬಿಚ್ಚಿ ತೊಳೆದರು, ಕಡೆಗೆ ಕಾಯಿಲನ್ನೂ ಹೊಸದು ಹಾಕಿದರು. ಪ್ರತಿ ಸಲವೂ ಅಂಗಡಿಯ ಮುಂದೆ ಓಡಿಸಿ ನೋಡಿದರೆ ಗಾಡಿ ಸರಿ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ಮಾವ ಕಳಿಸಿದ ಹಣವೆಲ್ಲ ಮುಗಿದಾಗ ನಾನು ನಾಲ್ಕು ಜನರ ಎದುರಿಗೆ ಆ ಹಿರಿಯರನ್ನು ಮೋಸಗಾರರೆಂದು ಕೂಗಾಡಿಬಿಟ್ಟೆ.

ಮಾರ್ಚಿಯಲ್ಲಿ ತಂಗಿಗೆ ದ್ವಿತೀಯ ಪಿ.ಯು.ಸಿ. ಪರೀಕ್ಷೆ. ಕೇಂದ್ರ ನಮ್ಮ ಊರಿಗೆ ಹದಿನೆಂಟು ಕಿಲೋಮೀಟರು. ದಾರಿಯಲ್ಲಿ ತೊಂದರೆಯಾಗಬಾರದೆಂದು ಹಿಂದಿನ ಸಂಜೆಯೇ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ್ದೆ. ಮೂರನೆಯ ಕಿಲೋಮೀಟರಿನಲ್ಲಿ ಗಾಡಿ ನಿಂತಿತು. ಮುಚ್ಚಳ ತೆಗೆದು ನೋಡಿದೆ. ಪೆಟ್ರೋಲು ತುಂಬಿತ್ತು. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದೆ, ಹೊರಟಿತು. ಎರಡು ಕಿಲೋಮೀಟರಿಗೆ ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ತಂಗಿ ಒಂದು ಮಾತೂ ಆಡದೆ ಇಳಿದು, ಎದುರಿಗೆ ಬಂದ ಹಾಲಿನ ವ್ಯಾನಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡು ಹೋದಳು. ಗಂಟೆ ಹೊಡೆಯುವಾಗ ಕೊಠಡಿಯ ಬಾಗಿಲಲ್ಲಿದ್ದಳಂತೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಈಗ ಶಾಸ್ತ್ರಕ್ಕೆ ಬರೋಣ. ಎಣ್ಣೆಯ ಡಬ್ಬಕ್ಕೆ ಮೊಳೆಯಿಂದ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದ ಕೂಡಲೆ ಧಾರೆ ಸರಾಗವಾಗುತ್ತದೆ. ಇದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಇಳಿದುಹೋದ ದ್ರವದ ಜಾಗಕ್ಕೆ ಗಾಳಿ ಬಂದು ತುಂಬಬೇಕು. ಬರದಿದ್ದರೆ ಒಳಗೆ ಉಳಿದ ಗಾಳಿ ಹಿಗ್ಗಿ ತೆಳುವಾಗುತ್ತದೆ, ಅದರ ಒತ್ತಡ ಕುಗ್ಗುತ್ತದೆ, ಹೊರಗಿನ ವಾಯುಮಂಡಲದ ಒತ್ತಡ ದ್ರವವನ್ನು ಇಳಿಯಗೊಡದೆ ಹಿಡಿದು ನಿಲ್ಲಿಸುತ್ತದೆ. ಹಳೆಯ ಗಾಡಿಗಳಲ್ಲಿ ಪೆಟ್ರೋಲು ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ತನ್ನ ಭಾರದಿಂದಲೇ ಇಳಿಯಬೇಕಾದ್ದರಿಂದ, ಗಾಳಿ ಒಳಕ್ಕೆ ಬರಲೆಂದು ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಕುಲುಕಾಟದಲ್ಲಿ ಪೆಟ್ರೋಲು ಹೊರಕ್ಕೆ ಚಿಮ್ಮದಂತೆ ಅದನ್ನು ನೇರವಾಗಿ ಕೊರೆಯದೆ ಅಂಕುಡೊಂಕಾಗಿ ಹಾಯಿಸಿರುವುದೂ ಉಂಟು.

ಇಷ್ಟು ಸಣ್ಣ ತೂತಿನಿಂದ ಅಷ್ಟು ದೊಡ್ಡ ಗಾಡಿ ನಿಲ್ಲುವುದೇ ಎಂಬ ಸಂದೇಹ ನನಗೂ ಇತ್ತು. ಲೆಕ್ಕ ಹಾಕಿ ನೋಡಿದರೆ ಸಂದೇಹ ಹಾರಿಹೋಗುತ್ತದೆ. ಟ್ಯಾಂಕಿನ ಪೆಟ್ರೋಲಿನ ಮಟ್ಟ ಕಾರ್ಬ್ಯುರೇಟರಿಗಿಂತ ಸುಮಾರು 25 ಸೆಂಟಿಮೀಟರು ಮೇಲಿದೆ ಎಂದುಕೊಳ್ಳಿ. ಪೆಟ್ರೋಲು ನೀರಿಗಿಂತ ಹಗುರ, ನೀರಿನ ಮುಕ್ಕಾಲು ಪಾಲು ತೂಕ. ಆದ್ದರಿಂದ ಅದನ್ನು ಕೆಳಕ್ಕೆ ನೂಕುವ ಒತ್ತಡ ಸುಮಾರು 19 ಸೆಂಟಿಮೀಟರು ನೀರಿನಷ್ಟು. ವಾಯುಮಂಡಲದ ಒತ್ತಡವೋ 10 ಮೀಟರು ನೀರಿಗೂ ಮಿಕ್ಕಿದ್ದು. ಅಂದರೆ ಒಳಗಿನ ಗಾಳಿಯ ಒತ್ತಡ ನೂರಕ್ಕೆ ಎರಡು ಪಾಲು ಕುಗ್ಗಿದರೆ ಸಾಕು, ಪೆಟ್ರೋಲು ಇಳಿಯುವುದು ನಿಂತಿತು! ಟ್ಯಾಂಕಿನಲ್ಲಿ 8 ಲೀಟರು ಗಾಳಿ ಇದ್ದರೆ ಅದು ನೂರಕ್ಕೆ ಎರಡು ಪಾಲು ಹಿಗ್ಗುವುದಕ್ಕೆ 160 ಮಿಲಿಲೀಟರು ಪೆಟ್ರೋಲು ಹೊರಕ್ಕೆ ಹೋಗಬೇಕು. ಒಂದೇ ಲೀಟರು ಗಾಳಿ ಇದ್ದರೆ 20 ಮಿಲಿಲೀಟರು ಹೋದರೆ ಮುಗಿಯಿತು. ಪೆಟ್ರೋಲಿನ ಆವಿ ಎದ್ದು ಒಂದಿಷ್ಟು ಕೊರತೆಯನ್ನು ತುಂಬುವುದರಿಂದ ಸೆಕೆಯ ದಿನ ಈ ಅಂಕಿಗಳು ಇಮ್ಮಡಿಯಾಗಬಹುದು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತಿರುವ ಪೆಟ್ರೋಲನ್ನೂ, ಮುಚ್ಚಳದ ಅಂಚಿನಿಂದ ನುಸುಳುವ ಚೂರುಪಾರು ಗಾಳಿಯನ್ನೂ ಸೇರಿಸಿಕೊಂಡರೆ ಗಾಡಿ ಇನ್ನೂ ಸ್ವಲ್ಪ ದೂರ ಹೋದೀತು, ಅಷ್ಟೆ.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಟ್ಯಾಂಕು ಹೆಚ್ಚು ತುಂಬಿದ್ದಷ್ಟೂ ಮೇಲಿನ ಗಾಳಿ ಕಡಿಮೆ. ಗಾಳಿ ಕಡಿಮೆಯಾದಷ್ಟೂ ಗಾಡಿ ಬೇಗ ನಿಲ್ಲುತ್ತದೆ. ತಂಗಿಯ ಪರೀಕ್ಷೆಗೆಂದು ಕಂಠಮಟ್ಟ ತುಂಬಿಸಿ ನಾನು ಮಾಡಿದ ಉಪಕಾರ ಇದು.

ಇದು ನನಗೆ ಹೊಳೆದದ್ದು ತರ್ಕಶಾಸ್ತ್ರದ ತರಗತಿಯಲ್ಲಿ. ಜಾನ್ ಸ್ಟೂಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ಐದು ವಿಧಾನಗಳನ್ನು ಹೇಳುತ್ತಾನೆ. ಮೇಷ್ಟ್ರು ಅನ್ವಯ ವಿಧಾನವನ್ನು ವಿವರಿಸುತ್ತ ಉದಾಹರಣೆ ಕೇಳಿದರು. ನಾನು ಎದ್ದು ನನ್ನ ಗಾಡಿಯ ಗೋಳನ್ನು ಹೇಳಿಕೊಂಡೆ. ತರಗತಿ ನಕ್ಕಿತು. ಅವರು ನಗಲಿಲ್ಲ. “ಗಾಡಿ ಮತ್ತೆ ಹೊರಟ ಪ್ರತಿ ಸಲವೂ ನೀನು ಏನೇನು ಮಾಡಿದ್ದೆ, ಒಂದನ್ನೂ ಬಿಡದೆ ಬರೆದುಕೊಂಡು ಬಾ” ಎಂದರು.

ಬರೆದೆ. ಒಮ್ಮೆ ಪ್ಲಗ್ಗು ಒರೆಸಿದ್ದೆ, ಒಮ್ಮೆ ಕಾರ್ಬ್ಯುರೇಟರನ್ನು ತಟ್ಟಿದ್ದೆ, ಒಮ್ಮೆ ತಂತಿಯನ್ನು ಅಲುಗಿಸಿದ್ದೆ, ಒಮ್ಮೆ ಏನೂ ಮಾಡದೆ ಮರದ ನೆರಳಲ್ಲಿ ಕಾಲು ಗಂಟೆ ಕೂತಿದ್ದೆ. ಈ ಕೂತದ್ದೊಂದನ್ನು ಬಿಟ್ಟರೆ ಎಲ್ಲ ಸಲವೂ ಮೊಟ್ಟಮೊದಲು ಮಾಡಿದ ಕೆಲಸ ಒಂದೇ: ಪೆಟ್ರೋಲು ಇದೆಯೋ ಎಂದು ಮುಚ್ಚಳ ತೆಗೆದು ನೋಡಿದ್ದು. ಅದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ! ಮುಚ್ಚಳ ತೆಗೆದ ಕ್ಷಣಕ್ಕೆ ಗಾಳಿ ಒಳನುಗ್ಗಿ ರೋಗ ವಾಸಿಯಾಗುತ್ತಿತ್ತು. ಆಮೇಲೆ ನಾನು ಪ್ಲಗ್ಗು ಒರೆಸಿದರೆ ಕೀರ್ತಿ ಪ್ಲಗ್ಗಿಗೆ, ತಂತಿ ಅಲುಗಿಸಿದರೆ ತಂತಿಗೆ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸುವ ಕಾಕತಾಳೀಯ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ. ಮೆಕ್ಯಾನಿಕ್ಕಿಗೆ ಆದದ್ದೂ ಇದೇ. ಅವರೂ ಮೊದಲು ಮುಚ್ಚಳ ತೆಗೆದು ನೋಡಿಯೇ ಕೆಲಸಕ್ಕೆ ಕೈ ಹಾಕುತ್ತಿದ್ದರು. ಇನ್ನು ಮರದ ನೆರಳಲ್ಲಿ ಕೂತ ದಿನ? ಬಿಲ್ಲೆಯ ಅಂಚಿನಿಂದ ಗಾಳಿ ನಿಧಾನವಾಗಿ ನುಸುಳುವುದಕ್ಕೆ ಆ ಕಾಲು ಗಂಟೆ ಸಾಕಾಗಿತ್ತು.

ಆದರೆ ಅನ್ವಯದಿಂದ ದೊರೆತದ್ದು ಅನುಮಾನ ಮಾತ್ರ, ನಿರ್ಣಯವಲ್ಲ. ಬಿಸಿಯಾದಾಗ ಕೈಕೊಡುವ ಕಾಯಿಲಿನಿಂದಲೂ ಗಾಡಿ ಹೀಗೆಯೇ ನಿಂತು, ತಣ್ಣಗಾದ ಮೇಲೆ ಹೊರಡುತ್ತದೆ. ನಿರ್ಣಯಕ್ಕೆ ವ್ಯತಿರೇಕ ವಿಧಾನ ಬೇಕು. ಎಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಬೇಕು. ಗಾಡಿ ನಿಂತೊಡನೆ ಬೇರೇನನ್ನೂ ಮುಟ್ಟದೆ, ಹೊತ್ತನ್ನೂ ಕಳೆಯದೆ, ಮುಚ್ಚಳವನ್ನು ಮಾತ್ರ ತೆರೆದೆ. ಸುಯ್ ಎಂಬ ಸಣ್ಣ ಸದ್ದು ಕೇಳಿಸಿತು. ಕೆಲವು ಕ್ಷಣ ಬಿಟ್ಟು ಒದ್ದೆ, ಹೊರಟಿತು. ಮರುದಿನ ಮುಚ್ಚಳ ತೆರೆಯದೆ ಪ್ಲಗ್ಗನ್ನು ಮಾತ್ರ ಒರೆಸಿ ಒದ್ದೆ. ಹೊರಡಲಿಲ್ಲ.

ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು, ರಸ್ತೆಗಿಂತ ಅದೇ ನಿಶ್ಚಿತ. ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಬಯಲಲ್ಲಿ, ಬೀಡಿ ದೀಪ ಒಲೆಗಳಿಂದ ದೂರದಲ್ಲಿ, ಕಾರ್ಬ್ಯುರೇಟರಿನಿಂದ ಪೆಟ್ರೋಲಿನ ಕೊಳವೆಯನ್ನು ಕಳಚಿ ಒಂದು ತಗಡಿನ ಡಬ್ಬಕ್ಕೆ ಇಳಿಬಿಡಬೇಕು. ಮುಚ್ಚಳವನ್ನು ಬಿಗಿಯಾಗಿ ಹಾಕಿ ನಲ್ಲಿಯನ್ನು ತಿರುಗಿಸಬೇಕು. ಧಾರೆ ಮೊದಲು ಚೆನ್ನಾಗಿ ಬಂದು, ಕ್ರಮವಾಗಿ ಸಣ್ಣಗಾಗಿ, ತೊಟ್ಟಿಕ್ಕಿ ನಿಂತರೆ ಮುಚ್ಚಳವನ್ನು ಸಡಿಲಿಸಿ. ಧಾರೆ ತಟ್ಟನೆ ಮರಳಿದರೆ ದೋಷ ಗಾಳಿಯ ದಾರಿಯಲ್ಲಿದೆ. ಮುಚ್ಚಳ ತೆರೆದರೂ ಧಾರೆ ಸಣ್ಣಗೇ ಇದ್ದರೆ ನಲ್ಲಿಯ ಜಾಲರಿಯಲ್ಲಿ ಕಸವೋ ತುಕ್ಕೋ ಕಟ್ಟಿದೆ ಎಂದರ್ಥ. ಮುಚ್ಚಳ ಹಾಕಿದ್ದರೂ ಧಾರೆ ಕೊನೆಯವರೆಗೆ ಒಂದೇ ಸಮನಾಗಿ ಬಂದರೆ ಟ್ಯಾಂಕು ನಿರಪರಾಧಿ. ಆಗ ಕಾರ್ಬ್ಯುರೇಟರು, ಕಾಯಿಲುಗಳ ಕಡೆಗೆ ತಿರುಗಬೇಕು. ಕಾರ್ಬ್ಯುರೇಟರಿನ ಬಟ್ಟಲಿಗೂ ತನ್ನದೇ ಆದ ಗಾಳಿಯ ದಾರಿಯುಂಟು, ಅದನ್ನು ಮರೆಯಬಾರದು.

ಮಿಲ್ ಹೇಳುವ ಸಹಪರಿವರ್ತನ ವಿಧಾನವೂ ಇಲ್ಲಿ ಹೊಂದಿತು. ಟ್ಯಾಂಕು ತುಂಬಿದ ದಿನ ಎರಡು ಮೂರು ಕಿಲೋಮೀಟರಿಗೆ, ಅರ್ಧವಿದ್ದ ದಿನ ಹತ್ತರ ಸುಮಾರಿಗೆ ಗಾಡಿ ನಿಂತದ್ದು ನನ್ನ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಿಧಾನವಾಗಿ ಹೋದ ದಿನ ನಿಲ್ಲದೆ ಊರು ಸೇರಿದ್ದೂ ಅರ್ಥವಾಯಿತು. ನುಸುಳಿ ಬರುವ ಚೂರು ಗಾಳಿ ನಿಧಾನ ನಡಿಗೆಗೆ ಸಾಕು, ಓಟಕ್ಕೆ ಸಾಲದು. ಕಾಯಿಲು ಕೆಟ್ಟಿದ್ದರೆ ಅದಕ್ಕೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿದೆ ಎಂಬ ಗೊಡವೆ ಏಕೆ?

ಬಿಲ್ಲೆಯನ್ನು ಬಿಚ್ಚಿ ನೋಡಿದಾಗ ಅದು ಉಬ್ಬಿ ಹಪ್ಪಳದಂತೆ ಸೊಟ್ಟಗಾಗಿ ಮುಚ್ಚಳದ ತೂತಿಗೆ ಅಂಟಿಕೊಂಡಿತ್ತು. ಟ್ಯೂಬಿನ ರಬ್ಬರು ಪೆಟ್ರೋಲನ್ನು ಕುಡಿದು ಊದಿಕೊಳ್ಳುತ್ತದೆ. ಮೊದಲ ವಾರ ಅಂಚಿನಲ್ಲಿದ್ದ ಸಂದು ಊದಿದ ಮೇಲೆ ಮುಚ್ಚಿಹೋಯಿತು. ಆದ್ದರಿಂದಲೇ ಕಾರಣಕ್ಕೂ ಕಾರ್ಯಕ್ಕೂ ನಡುವೆ ಒಂದು ವಾರದ ಅಂತರ ಬಿದ್ದು ನಾನು ಮೋಸಹೋದೆ. ಪೆಟ್ರೋಲಿಗೆ ತಡೆಯುವ ರಬ್ಬರಿನ ಸರಿಯಾದ ವಾಷರನ್ನು ತಂದು ಹಾಕಿದೆ, ತೂತನ್ನು ಸೂಜಿಯಿಂದ ಚೊಕ್ಕಟ ಮಾಡಿದೆ. ಅಂದಿನಿಂದ ಗಾಡಿ ನಿಂತಿಲ್ಲ. ನಿಲ್ಲದ್ದಕ್ಕಿಂತ ದೊಡ್ಡ ಪುಣ್ಯ ಇನ್ನೊಂದಿದೆ. ಇಂಥ ಎಂಜಿನ್ನಿಗೆ ಪೆಟ್ರೋಲು ಕಡಿಮೆಯಾದರೆ ಅದರಲ್ಲಿ ಬೆರೆತ ಎಣ್ಣೆಯೂ ಕಡಿಮೆಯಾಗುತ್ತದೆ. ಉಬ್ಬಸಪಡುವ ಗಾಡಿಯನ್ನು ಹಟದಿಂದ ಓಡಿಸಿದ್ದರೆ ಪಿಸ್ಟನ್ನು ಒಣಗಿ ಹಿಡಿದುಕೊಂಡು ಎಂಜಿನ್ನೇ ಹಾಳಾಗಬಹುದಾಗಿತ್ತು, ಹಿಂದಿನ ಚಕ್ರ ಓಡುತ್ತಿರುವಾಗಲೇ ಬಿಗಿದುಕೊಳ್ಳಬಹುದಾಗಿತ್ತು.

ಮೆಕ್ಯಾನಿಕ್ಕಿನ ಬಳಿ ಹೋಗಿ ತಪ್ಪಾಯಿತೆಂದೆ. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, “ನಾನೂ ದಿನಾ ತೆಗೀತಿದ್ನಲ್ಲಪ್ಪ ಮುಚ್ಚಳಾನ, ಒಳಗೆ ಬಗ್ಗಿ ನೋಡ್ದೆ, ಕೈಲಿದ್ದದ್ದನ್ನ ನೋಡ್ಲಿಲ್ಲ” ಎಂದು ನಕ್ಕರು. ಕಾಯಿಲಿನ ದುಡ್ಡು ವಾಪಸು ಕೊಡಲು ಬಂದರು. ತೆಗೆದುಕೊಳ್ಳುವ ಮುಖ ನನಗಿರಲಿಲ್ಲ. ಗಾಳಿಯ ದಾರಿ ಕಟ್ಟುವ ಇತರ ಬಗೆಗಳನ್ನು ಹೇಳಿಕೊಟ್ಟವರು ಅವರೇ. ಅಂದಕ್ಕೆಂದು ಹೊದಿಸುವ ರೆಕ್ಸಿನ್ ಹೊದಿಕೆ ಮುಚ್ಚಳವನ್ನು ಒತ್ತಿಕೊಂಡಿರುತ್ತದೆ. ಹೊಳಪಿಗೆ ತಿಕ್ಕಿದ ಪಾಲಿಶು ತೂತಿನಲ್ಲಿ ಗಟ್ಟಿಯಾಗುತ್ತದೆ. ಬಹಳ ದಿನ ನಿಂತ ಗಾಡಿಯಲ್ಲಿ ಕಣಜದ ಹುಳು ಮಣ್ಣು ಮೆತ್ತುತ್ತದೆ. ಕೊಳವೆಯ ಮೂಲಕ ಉಸಿರಾಡುವ ಟ್ಯಾಂಕಾದರೆ, ಬಿಚ್ಚಿ ಕೂರಿಸುವಾಗ ಆ ಕೊಳವೆ ಅಡಿಯಲ್ಲಿ ಸಿಕ್ಕಿ ಮಡಿಸಿಹೋಗುತ್ತದೆ. ತೂತನ್ನು ದೊಡ್ಡದು ಮಾಡಿಬಿಟ್ಟರೆ ಎಂದು ಕೇಳಿದ್ದಕ್ಕೆ ಗದರಿಸಿದರು. ಬ್ರೇಕು ಹಾಕಿದಾಗ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಚೆಲ್ಲಿದರೆ ಸುಟ್ಟುಕೊಳ್ಳುವವರು ನಾವೇ. ದಾರಿಯಲ್ಲಿ ಮುಚ್ಚಳ ಸಡಿಲಿಸಿಕೊಂಡು ಓಡಿಸುವವರೂ ಇದನ್ನು ನೆನೆಯಬೇಕು.

2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ವ್ಯವಸ್ಥೆ ಬೇರೆ. ಪೆಟ್ರೋಲಿನ ಆವಿ ಗಾಳಿಗೆ ಸೇರಬಾರದೆಂದು ಅದನ್ನು ಕೊಳವೆಯಲ್ಲಿ ಒಯ್ದು ಇದ್ದಲು ತುಂಬಿದ ಡಬ್ಬಿಯೊಂದರಲ್ಲಿ ಹಿಡಿದಿಡುತ್ತಾರೆ. ಎಂಜಿನ್ನು ಓಡುವಾಗ ಅದನ್ನು ಎಳೆದುಕೊಂಡು ಉರಿಸುತ್ತದೆ. ಅಲ್ಲಿ ಪೆಟ್ರೋಲನ್ನು ನೂಕುವುದು ವಿದ್ಯುತ್ ಪಂಪು. ಆದ್ದರಿಂದ ಗಾಳಿಯ ದಾರಿ ಕಟ್ಟಿದರೂ ಗಾಡಿ ಕೂಡಲೆ ನಿಲ್ಲದೆ, ಟ್ಯಾಂಕಿನೊಳಗಿನ ಒತ್ತಡ ಇನ್ನೂ ಕುಗ್ಗುತ್ತ ಹೋಗುತ್ತದೆ. ಮುಚ್ಚಳ ತೆರೆದಾಗ ಸುಯ್ಗುಟ್ಟುವಿಕೆ ಜೋರಾಗಿದ್ದರೆ ಕೊಳವೆಗಳನ್ನು ನೋಡಿಸಬೇಕು. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಒಳಗಿನ ಆವಿ ಹೊರಕ್ಕೆ ನುಗ್ಗುವಾಗಲೂ ಸದ್ದಾಗುತ್ತದಾದ್ದರಿಂದ, ಈ ಪರೀಕ್ಷೆಯನ್ನು ಓಡಿ ಬಂದ ಕೂಡಲೆ ನೆರಳಲ್ಲಿ ಮಾಡುವುದು ವಾಸಿ. ಬಂಕಿನಲ್ಲಿ ಕಂಠಮಟ್ಟ ಹಾಕಿಸುವ ಚಪಲವನ್ನು ಈ ಗಾಡಿಯವರು ಬಿಡಬೇಕು. ಉಕ್ಕಿದ ಪೆಟ್ರೋಲು ಆವಿಯ ಕೊಳವೆಗೆ ಇಳಿದು ಇದ್ದಲಿನ ಡಬ್ಬಿಯನ್ನು ತೋಯಿಸುತ್ತದೆ. ತೊಯ್ದ ಇದ್ದಲು ಆವಿಯನ್ನು ಹಿಡಿಯಲಾರದು.

ತಂಗಿ ಪಾಸಾದಳು. ಈ ವರ್ಷ ನಮ್ಮ ಕಾಲೇಜಿಗೇ ಸೇರಿದ್ದಾಳೆ. ಬಸ್ಸಿನಲ್ಲಿ ಬರುತ್ತಾಳೆ.