ಮ್ಯಾನೇಜರ್ ಮುಂದೆ ಕೆಲಸದ ತುರ್ತು ಹೇಳುವುದು ಹೇಗೆ?

‘ಡೇಟಾಬೇಸ್ ಇಒಎಲ್ (ಎಂಡ್ ಆಫ್ ಲೈಫ್) ಆಗಿದೆ, ಮೈಗ್ರೇಟ್ ಮಾಡ್ಬೇಕು ಸರ್’ ಎನ್ನುತ್ತಾರೆ ಎಂಜಿನಿಯರ್. ‘ಮುಂದಿನ ಕ್ವಾರ್ಟರ್ ನೋಡೋಣ’ ಎನ್ನುತ್ತಾರೆ ಮ್ಯಾನೇಜರ್. ಮೀಟಿಂಗ್ ಮುಗಿಯುತ್ತದೆ, ಕೆಲಸ ಪಟ್ಟಿಯ ತಳ ಸೇರುತ್ತದೆ. ಆದ್ಯತೆಯ ಮಾತುಕತೆಯಲ್ಲಿ ಈ ಕ್ರಮ ಅನುಸರಿಸಿ ನೋಡಿ.

1. ಮೊದಲು ಪರಿಣಾಮ ಹೇಳಿ, ತಾಂತ್ರಿಕ ಹೆಸರು ಆಮೇಲೆ. ‘ನಮ್ಮ ಮೈಎಸ್‌ಕ್ಯೂಎಲ್ 5.7ಕ್ಕೆ ಒರಾಕಲ್ ಭದ್ರತಾ ಅಪ್‌ಡೇಟ್ ಕೊಡುವುದನ್ನು 2023ರ ಅಕ್ಟೋಬರ್‌ನಲ್ಲೇ ನಿಲ್ಲಿಸಿದೆ. ಗ್ರಾಹಕರ ವಿವರವೆಲ್ಲ ಅದರಲ್ಲೇ ಇದೆ. ಬದಲಿಸಲು ಇಬ್ಬರಿಗೆ ಮೂರು ವಾರ ಬೇಕು. ಅಲ್ಲಿಯವರೆಗೆ ಹೊಸ ರಿಪೋರ್ಟ್ ಕೆಲಸ ನಿಲ್ಲುತ್ತದೆ.’ ಈ ಕೊನೆಯ ಮಾತನ್ನೇ ಹೆಚ್ಚಿನವರು ನುಂಗಿಬಿಡುತ್ತಾರೆ. ಮ್ಯಾನೇಜರ್ ತಮ್ಮ ಮೇಲಿನವರಿಗೆ ಉತ್ತರ ಕೊಡಬೇಕಾದದ್ದು ಮಾತ್ರ ಅದಕ್ಕೇ.

2. ‘ಸಿವೆರಿಟಿ’, ‘ಪ್ರಯಾರಿಟಿ’ ಎರಡನ್ನೂ ಕಲಸಬೇಡಿ. ಮೊದಲನೆಯದು ಹಾನಿಯ ಅಳತೆ, ಎರಡನೆಯದು ಯಾವುದು ಮುಂಚೆ ಎಂಬ ತೀರ್ಮಾನ. ಮುಖಪುಟದಲ್ಲಿ ಕಂಪನಿಯ ಹೆಸರೇ ತಪ್ಪಾಗಿದ್ದರೆ ಸಾಫ್ಟ್‌ವೇರ್‌ಗೆ ಏನೂ ಆಗದು, ಆದರೂ ಇವತ್ತೇ ತಿದ್ದಬೇಕು. ವರ್ಷಕ್ಕೊಮ್ಮೆ ತೆಗೆಯುವ ರಿಪೋರ್ಟ್ ಕ್ರ್ಯಾಶ್ ಆಗುತ್ತಿದ್ದರೆ ಹಾನಿ ದೊಡ್ಡದು, ಆದರೆ ಮಾರ್ಚ್‌ವರೆಗೆ ತಡೆದುಕೊಳ್ಳಬಹುದು. ಹಾನಿ ಎಷ್ಟೆಂದು ಎಂಜಿನಿಯರ್ ಹೇಳಲಿ, ಸರದಿಯನ್ನು ಮ್ಯಾನೇಜರ್ ಗೊತ್ತು ಮಾಡಲಿ. ಎಲ್ಲಕ್ಕೂ ‘ಪಿ1’ (ಮೊದಲ ಆದ್ಯತೆ) ಹಚ್ಚಿದ್ದರೆ ಎರಡೆರಡೇ ಕೆಲಸ ಎದುರಿಟ್ಟು, ‘ಒಂದೇ ಆಗುವುದಾದರೆ ಯಾವುದು?’ ಎಂದು ಕೇಳಿ.

3. ‘ಟೆಕ್ನಿಕಲ್ ಡೆಟ್’ ಎಂದು ನಿಲ್ಲಿಸಬೇಡಿ, ಬಡ್ಡಿಯ ಲೆಕ್ಕ ಕೊಡಿ. ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ ಹಣಕಾಸು ತಂತ್ರಾಂಶವೊಂದರ ಅನುಭವ ಬರೆಯುವಾಗ, ಸರಿಪಡಿಸದೆ ಬಿಟ್ಟ ಕೋಡನ್ನು ಸಾಲಕ್ಕೆ ಹೋಲಿಸಿ ತಂದ ಮಾತು ಅದು. ಹಣದ ಲೆಕ್ಕ ಬಲ್ಲವರಿಗೆ ಥಟ್ಟನೆ ತಿಳಿಯುವಂಥದ್ದು. ಈಗ ಅದೂ ಸವೆದು ಎಂಜಿನಿಯರ್‌ಗಳ ಗೊಣಗಾಟದಂತೆ ಕೇಳಿಸುತ್ತದೆ. ‘ಬಿಲ್ಲಿಂಗ್‌ನಲ್ಲಿ ಎರಡು ದಿನಕ್ಕೆ ಮುಗಿಯುತ್ತಿದ್ದ ಬದಲಾವಣೆಗೆ ಈಗ ಆರು ದಿನ ಹಿಡಿಯುತ್ತಿದೆ’ ಎನ್ನಿ.

4. ಪರಿಭಾಷೆ ಬಳಸುವುದರಲ್ಲಿ ಮ್ಯಾನೇಜರ್‌ಗಳೂ ಕಡಿಮೆಯಿಲ್ಲ. ‘ಬ್ಯಾಂಡ್‌ವಿಡ್ತ್ ಇದೆಯಾ?’ ಎಂದರೆ ಎಷ್ಟು ಜನ, ಎಷ್ಟು ದಿನ ಎಂದು ಕೇಳಿ. ‘ಎಎಸ್‌ಎಪಿ ಬೇಕು’ ಎಂದರೆ ಯಾವ ತಾರೀಕು, ತಪ್ಪಿದರೆ ಯಾರಿಗೆ ತೊಂದರೆ ಎಂದು ಕೇಳಿ. ಎಲ್ಲರೆದುರು ಸಂಕೋಚವಾದರೆ ಮೀಟಿಂಗ್ ಮುಗಿದ ಮೇಲೆ ಕೇಳಿದರಾಯಿತು.

ಹಾಗೆಂದು ಪರಿಭಾಷೆಯನ್ನು ಪೂರ್ತಿ ಬಿಡಬೇಕಿಲ್ಲ. ನಡುರಾತ್ರಿ ಸರ್ವರ್ ಡೌನ್ ಆದಾಗ ‘ರೋಲ್‌ಬ್ಯಾಕ್ ಮಾಡು’ ಎಂಬ ಎರಡೇ ಪದ ಸಾಕು. ಟಿಕೆಟ್‌ನ ಶೀರ್ಷಿಕೆ ಮಾತ್ರ ಎಲ್ಲರಿಗೂ ತಿಳಿಯುವಂತಿರಲಿ, ತಾಂತ್ರಿಕ ವಿವರ ಒಳಗಿರಲಿ. ಮುಂದೂಡಿದ ಕೆಲಸವಾದರೆ ಯಾರು, ಯಾವ ತಾರೀಕಿಗೆ ಮತ್ತೆ ನೋಡುತ್ತಾರೆ ಎಂಬುದನ್ನೂ ಅದರಲ್ಲೇ ಅವತ್ತೇ ಬರೆದಿಡಿ.