ಮನೆಗೆ ಬರುವ ನೋಟರಿ: ಸಹಿ ಹಾಕುವವರು ಎದುರಿಗಿರಲಿ



ಕರಾರುಪತ್ರಕ್ಕೆ ಸಹಿ ಹಾಕಿ, ಗಲ್ಲಾದಲ್ಲಿರುವ ಹುಡುಗನ ಕೈಗೆ ಕೊಟ್ಟು, "ಹೋಗಿ ನೋಟರಿ ಸೀಲು ಹಾಕಿಸಿಕೊಂಡು ಬಾ" ಎನ್ನುವುದು ನಮ್ಮ ಹೋಟೆಲುಗಳಲ್ಲಿ ತರಕಾರಿ ತರಿಸುವಷ್ಟೇ ಸಲೀಸಾಗಿದೆ. ಹುಡುಗ ಅರ್ಧ ಗಂಟೆಯಲ್ಲಿ ಬರುತ್ತಾನೆ, ಪತ್ರದ ಮೇಲೆ ದುಂಡನೆಯ ಸೀಲು ಇರುತ್ತದೆ, ನಾವು ಬೀರುವಿನಲ್ಲಿಟ್ಟು ಮರೆಯುತ್ತೇವೆ.

ಪಲ್ಲಾವರಂ ಕಡೆಯ ಒಂದು ಹೋಟೆಲಿನ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಅಣ್ಣ ತಮ್ಮ ಪಾಲುದಾರರು. ಅಣ್ಣನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಪಾಲು ಬಿಟ್ಟುಕೊಡುವ ಪತ್ರಕ್ಕೆ ಮನೆಯಲ್ಲೇ ಮನಸ್ಸಾರೆ ಸಹಿ ಹಾಕಿದರು. ಮರುದಿನ ಮ್ಯಾನೇಜರ್ ಪತ್ರ ಒಯ್ದು ಸೀಲು ಹಾಕಿಸಿದ. ಎರಡು ವರ್ಷದ ಮೇಲೆ ಅಣ್ಣ ತೀರಿಕೊಂಡರು. ಆಗ ಅವರ ಮಕ್ಕಳು, "ಅಪ್ಪನಿಗೆ ಆಗ ಕೈಯೇ ಆಡುತ್ತಿರಲಿಲ್ಲವಲ್ಲ ಚಿಕ್ಕಪ್ಪ, ಸಹಿ ಯಾರು ಹಾಕಿದ್ದು?" ಎಂದು ಕೇಳಿದರು. ಸಹಿ ನಿಜವಾದದ್ದೇ. ಆದರೆ ನೋಟರಿ ಆ ಮುಖವನ್ನೇ ನೋಡಿರಲಿಲ್ಲ, ಅವರ ರಿಜಿಸ್ಟರಿನಲ್ಲಿ ಅಣ್ಣನ ಸಹಿಯೂ ಇರಲಿಲ್ಲ. ಕೊನೆಗೆ ತಮ್ಮ ಸಾಲ ಮಾಡಿ ಮಕ್ಕಳಿಗೆ ಹಣ ಕೊಟ್ಟು ರಾಜಿಯಾದರು. ಸುಳ್ಳು ಹೇಳದೆಯೇ ಸುಳ್ಳುಗಾರ ಎನಿಸಿಕೊಂಡದ್ದು ಅವರಿಗೆ ಹಣಕ್ಕಿಂತ ದೊಡ್ಡ ನೋವು.

ಅಂದು ನೋಟರಿಯನ್ನೇ ಮನೆಗೆ ಕರೆಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹಾಗೆ ಕರೆಸಬಹುದೆಂದೇ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅಮೆರಿಕದಲ್ಲಿ ಮನೆಗೆ, ಆಸ್ಪತ್ರೆಗೆ ಬರುವ 'ಮೊಬೈಲ್ ನೋಟರಿ' ಎಂಬುದೇ ಒಂದು ವೃತ್ತಿ. ನಮ್ಮಲ್ಲಿ ಆ ಹೆಸರಿಲ್ಲ. ಆದರೆ 1952ರ ನೋಟರಿ ಕಾಯಿದೆಯ ಕೆಳಗೆ ಬಂದ 1956ರ ನಿಯಮಗಳಲ್ಲಿ ನೋಟರಿಯ ಶುಲ್ಕದ ಜೊತೆಗೆ ಪ್ರಯಾಣ ಭತ್ಯೆಯನ್ನೂ ಹೇಳಿದೆ. ಅಂದರೆ ನೋಟರಿ ಹೊರಗೆ ಹೋಗಬಹುದೆಂದು ಕಾನೂನೇ ಎಣಿಸಿದೆ. ಕರೆಯುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಅವರ ನೇಮಕ ಯಾವ ಪ್ರದೇಶಕ್ಕೆ? ನಾವು ಬಾಯಿಮಾತಿಗೆ ಪಲ್ಲಾವರಂ ಚೆನ್ನೈ ಎನ್ನುತ್ತೇವೆ, ಆದರೆ 2019ರಿಂದ ಅದು ಚೆಂಗಲ್ಪಟ್ಟು ಜಿಲ್ಲೆ, 2021ರಿಂದ ತಾಂಬರಂ ಕಾರ್ಪೊರೇಷನ್. ಚೆನ್ನೈ ಜಿಲ್ಲೆಗೆ ಮಾತ್ರ ನೇಮಕವಾದವರು ಇಲ್ಲಿ ಬಂದು ಸೀಲು ಒತ್ತಿದರೆ ತಕರಾರಿಗೆ ದಾರಿ. ಸೀಲಿನಲ್ಲೇ ನೋಟರಿಯ ಹೆಸರು, ಪ್ರದೇಶ, ನೇಮಿಸಿದ ಸರಕಾರದ ಹೆಸರು ಇರುತ್ತದೆ, ಓದಿ ನೋಡಿ.

ಬಂದ ನೋಟರಿ ಏನು ಮಾಡಬೇಕು? ಮೂಲ ಗುರುತಿನ ಚೀಟಿ ಕೇಳಬೇಕು. ಆಧಾರ್, ಪಾನ್, ಪಾಸ್‌ಪೋರ್ಟ್, ಮತದಾರರ ಚೀಟಿ, ಯಾವುದಾದರೂ ಸರಿ, ಜೆರಾಕ್ಸ್ ಸಾಲದು. ಚಿತ್ರವನ್ನೂ ಮುಖವನ್ನೂ ಹೋಲಿಸಿ ನೋಡಬೇಕು. ರೋಗಿಯಾದರೆ ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ, "ಇದು ಯಾವ ಪತ್ರ, ಯಾರಿಗೆ ಏನು ಕೊಡುತ್ತಿದ್ದೀರಿ?" ಎಂದು ಅವರ ಬಾಯಿಂದಲೇ ಕೇಳುವುದು ಒಳ್ಳೆಯ ನೋಟರಿಯ ಲಕ್ಷಣ. ಅದಕ್ಕೆ ಬೇಸರಿಸಬೇಡಿ. ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದು, ಹಿರಿಯರು ಕನ್ನಡದಲ್ಲಿ ಸಹಿ ಹಾಕುವವರಾದರೆ, ಕನ್ನಡದಲ್ಲಿ ಓದಿ ತಿಳಿಸಲಾಯಿತೆಂಬ ಒಂದು ಸಾಲು, ಓದಿದವರ ಸಹಿಯೊಡನೆ ಪತ್ರದಲ್ಲೇ ಇರಲಿ. ಕೊನೆಗೆ ನೋಟರಿಯ ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪತ್ರದ ನಿಜವಾದ ಸಾಕ್ಷಿ ಆ ಪುಸ್ತಕ.

ಗುರುತಿನ ವಿಷಯದಲ್ಲಿ ನಮ್ಮವರಿಗೇ ಮೀಸಲಾದ ಒಂದು ತೊಡಕಿದೆ. ಊರಿನ ಪಹಣಿಯಲ್ಲಿ ಶ್ರೀನಿವಾಸ ಭಟ್ಟರು, ಇಲ್ಲಿಯ ರೇಷನ್ ಕಾರ್ಡಿನಲ್ಲಿ ಕೆ. ಶ್ರೀನಿವಾಸನ್, ಬ್ಯಾಂಕಿನಲ್ಲಿ ಇನ್ನೇನೋ! ಭಟ್ಟರು ಹೋಗಿ ತಂದೆಯ ಹೆಸರಿನ ಒಂದಕ್ಷರ ಮುಂದೆ ಬಂದಿರುತ್ತದೆ. ಆ ಎಲ್ಲ ಹೆಸರುಗಳನ್ನೂ 'ಎಂದೂ ಕರೆಯಲ್ಪಡುವ' ಎಂದು ಪತ್ರದಲ್ಲಿ ಸೇರಿಸಿ ಬರೆಸಿ. ಒಬ್ಬರೇ ವ್ಯಕ್ತಿಯೆಂದು ಪ್ರಮಾಣಪತ್ರ ಮಾಡಿಸಿಡುವುದೂ ಒಳ್ಳೆಯದು. ಆರೋಗ್ಯವಾಗಿರುವಾಗಲೇ ಮಾಡಿಸಿ.

ಇನ್ನು ನೋಟರಿಯಿಂದ ಆಗದ ಕೆಲಸಗಳು. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರಿನ ಪದ್ಧತಿ ಬಂದದ್ದೇ ಅದನ್ನು ತಪ್ಪಿಸಲು. ಆದರೆ ತಮಿಳುನಾಡಿನ 2017ರ ಬಾಡಿಗೆ ಕಾಯಿದೆ 2019ರ ಫೆಬ್ರವರಿ 22ರಂದು ಜಾರಿಯಾದ ಮೇಲೆ ಕರಾರು ಲಿಖಿತವಾಗಿದ್ದು, ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು. ಅಂಗಡಿ, ಹೋಟೆಲುಗಳಿಗೂ ಇದು ಅನ್ವಯ. ನೋಟರಿ ಸೀಲು ಇದಕ್ಕೆ ಬದಲಿಯಲ್ಲ.

ಆಸ್ತಿ ಪತ್ರವನ್ನು ನಮ್ಮ ಪರವಾಗಿ ನೋಂದಣಿಗೆ ಹಾಜರುಪಡಿಸಲು ಕೊಡುವ ಪವರ್ ಆಫ್ ಅಟಾರ್ನಿಯದ್ದೂ ಹಾಗೆಯೇ. ಕೊಡುವವರು ಭಾರತದಲ್ಲಿದ್ದರೆ 1908ರ ನೋಂದಣಿ ಕಾಯಿದೆಯ 33ನೇ ಕಲಮಿನಂತೆ ಅದು ಸಬ್-ರಿಜಿಸ್ಟ್ರಾರರ ಎದುರಿಗೇ ಆಗಬೇಕು. ಹಾಸಿಗೆ ಹಿಡಿದವರಾದರೆ ಆ ಅಧಿಕಾರಿಯೇ ಮನೆಗೆ ಬರಲು ಅದೇ ಕಾಯಿದೆಯಲ್ಲಿ ಅವಕಾಶವಿದೆ; ವೈದ್ಯರ ಪತ್ರದೊಡನೆ ಅರ್ಜಿ ಕೊಡಿ. ಕೇವಲ ಜಿಪಿಎ ಬರೆಸಿಕೊಂಡು ಕಟ್ಟಡ ಕೊಂಡೆನೆಂದು ಕುಳಿತವರಿಗೆ, ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ವಿಚಿತ್ರವೆಂದರೆ, ಕೊಡುವವರು ವಿದೇಶದಲ್ಲಿದ್ದರೆ ಅದೇ 33ನೇ ಕಲಮು ನೋಟರಿಯನ್ನು ಒಪ್ಪುತ್ತದೆ. ಭಾರತದ ಕಾನ್ಸುಲ್ ಎದುರಿಗೂ ಮಾಡಿಸಬಹುದು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದರೆ ಮೊಬೈಲ್ ನೋಟರಿ ಅವನ ಮನೆಗೇ ಬಂದು ಗುರುತಿನ ಚೀಟಿ ನೋಡುತ್ತಾರೆ. ಪವರ್ ಪತ್ರವಾದರೆ ತಮ್ಮ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅಲ್ಲಿ ಕಡ್ಡಾಯ. (ಓದುಬರಹ ಬಲ್ಲ ಇಂಜಿನಿಯರ್ ಕೂಡ ಹೆಬ್ಬೆಟ್ಟು ಒತ್ತಬೇಕು!) ಆ ಪತ್ರಕ್ಕೆ ಅಲ್ಲಿಯ ರಾಜ್ಯ ಸರಕಾರದಿಂದ ಅಪೋಸ್ಟಿಲ್ ಮುದ್ರೆ ಮಾಡಿಸಿ ಕಳಿಸಲಿ, 2005ರಿಂದ ಭಾರತವೂ ಆ ಒಪ್ಪಂದದಲ್ಲಿದೆ. ಪತ್ರ ಇಲ್ಲಿ ಕೈಸೇರಿದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಮಗ ರಜೆಗೆ ಬಂದಾಗ ನೋಡೋಣವೆಂದು ಇಟ್ಟುಕೊಂಡು ಗಡುವು ದಾಟಿಸಬೇಡಿ.

ಇನ್ನೊಂದು ವಿಷಯ. ಪವರ್ ಪತ್ರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರದ ಬಲವೂ ಅಲ್ಲಿಗೇ ಮುಗಿಯುತ್ತದೆ. ಬೀರುವಿನಲ್ಲಿರುವ ಹಳೆಯ ಪತ್ರಗಳನ್ನು ಈ ವಾರವೇ ಹೊರತೆಗೆದು, ಕೊಟ್ಟವರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಒಮ್ಮೆ ನೋಡಿ.